ಮುಖ ನೋಡಿ ಮಣೆ

ಅಮೆರಿಕನ್ ಫುಟ್‌ಬಾಲಿನಲ್ಲಿ ಹನ್ನೊಂದು ಜನ ಸೇರಿ ಮಾಡುವ ಕೆಲಸದ ಕೀರ್ತಿಯೂ ಅಪಕೀರ್ತಿಯೂ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನ ಲೆಕ್ಕಕ್ಕೇ ಜಮೆಯಾಗುತ್ತವೆ. ಪ್ರತಿ ಬಾರಿ ಆಟ ಶುರುವಾದಾಗಲೂ ಚೆಂಡು ಮೊದಲು ಬರುವುದು ಇವನ ಕೈಗೆ. ಎದುರಾಳಿಗಳು ಮೈಮೇಲೆ ಬೀಳುವ ಮುನ್ನ ಸಿಗುವ ಎರಡು ಮೂರು ಸೆಕೆಂಡುಗಳಲ್ಲಿ ಅದನ್ನು ಯಾರತ್ತ ಎಸೆಯಬೇಕೆಂದು ತೀರ್ಮಾನಿಸಿ, ಓಡುತ್ತಿರುವ ಸಹ ಆಟಗಾರನು ತಲುಪಲಿರುವ ಜಾಗಕ್ಕೆ ಗುರಿಯಿಟ್ಟು ಎಸೆಯುವ ಹೊಣೆ ಇವನದು. ಆ ಎಸೆತವನ್ನು ಎದುರು ತಂಡದವರು ಹಿಡಿದರೆ ಅದು ಇಂಟರ್ಸೆಪ್ಷನ್, ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವಿದರೆ ಅದು ಸ್ಯಾಕ್, ಚೆಂಡು ಎದುರು ತಂಡದ ಗೋಲ್ ಗೆರೆಯನ್ನು ದಾಟಿದರೆ ಆರು ಅಂಕಗಳ ಟಚ್‌ಡೌನ್. ಇಂಥ ಸ್ಥಾನದಲ್ಲಿ ಅಪಾರ ಪ್ರತಿಭೆಯೂ ಸಿಡುಕು ಸ್ವಭಾವವೂ ಒಬ್ಬನಲ್ಲೇ ಕೂಡಿದಾಗ ಅಭಿಮಾನಿಗಳು ಅವನನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಾರೆ ಎಂಬ ಪ್ರಶ್ನೆಗೆ ಶಿಕಾಗೊ ಬೇರ್ಸ್ ತಂಡದ ಜೇ ಕಟ್ಲರ್‌ನಷ್ಟು ಒಳ್ಳೆಯ ನಿದರ್ಶನ ಇನ್ನೊಂದಿಲ್ಲ.

ಇಂಡಿಯಾನಾ ರಾಜ್ಯದ ಸಾಂಟಾ ಕ್ಲಾಸ್ ಎಂಬ ಪುಟ್ಟ ಊರಿನಲ್ಲಿ 1983ರಲ್ಲಿ ಹುಟ್ಟಿದ ಕಟ್ಲರ್‌ನನ್ನು 2006ರ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಯಲ್ಲಿ, ಡೆನ್ವರ್ ಬ್ರಾಂಕೋಸ್ ತಂಡವು 11ನೆಯವನಾಗಿ ಆರಿಸಿಕೊಂಡಿತು. 2008ರಲ್ಲಿ ಅವನ ಎಸೆತಗಳಿಂದ ತಂಡಕ್ಕೆ ದಕ್ಕಿದ್ದು 4,526 ಗಜಗಳು. ಮರುವರ್ಷ ಬಂದ ಹೊಸ ತರಬೇತುದಾರನು ಬೇರೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತರಲು ಯತ್ನಿಸಿದ ಸುದ್ದಿ ಹೊರಬಿದ್ದಾಗ ಕಟ್ಲರ್ ಮುನಿಸಿಕೊಂಡು ತನ್ನನ್ನು ಬೇರೆ ತಂಡಕ್ಕೆ ಕಳುಹಿಸುವಂತೆ ಕೇಳಿದನು. ಏಪ್ರಿಲ್‌ನಲ್ಲಿ ಬೇರ್ಸ್ ತಂಡವು ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಯ ಹಕ್ಕುಗಳನ್ನು, ಜೊತೆಗೆ ತನ್ನ ಕ್ವಾರ್ಟರ್‌ಬ್ಯಾಕ್‌ನನ್ನೂ ಬಿಟ್ಟುಕೊಟ್ಟು ಅವನನ್ನು ಕರೆತಂದಿತು. ಮುಂಗೋಪಿಯೆಂಬ ಹಣೆಪಟ್ಟಿ ಅವನಿಗೆ ಅಂಟಿದ್ದು ಶಿಕಾಗೊದ ಮೈದಾನಕ್ಕೆ ಕಾಲಿಡುವ ಮೊದಲೇ, ಮತ್ತು ಆ ಮೊದಲ ಋತುವಿನಲ್ಲಿ ಅವನು ಒಪ್ಪಿಸಿದ 26 ಇಂಟರ್ಸೆಪ್ಷನ್‌ಗಳು ಅದನ್ನು ಇನ್ನಷ್ಟು ಗಟ್ಟಿ ಮಾಡಿದವು.

ಆದರೆ ಅಭಿಮಾನಿಗಳು ಅವನ ಮೇಲೆ ಅಂತಿಮ ತೀರ್ಪು ಬರೆದದ್ದು 2011ರ ಜನವರಿ 23ರಂದು. ಮಿಷಿಗನ್ ಸರೋವರದ ದಂಡೆಯಲ್ಲಿರುವ ಸೋಲ್ಜರ್ ಫೀಲ್ಡ್‌ನಲ್ಲಿ ಆ ದಿನ ಬೇರ್ಸ್ ತಂಡಕ್ಕೆ ಎದುರಾಗಿದ್ದುದು ಬದ್ಧ ವೈರಿಯಾದ ಗ್ರೀನ್ ಬೇ ಪ್ಯಾಕರ್ಸ್. ಗೆದ್ದವರಿಗೆ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದ ಪ್ರವೇಶ. ಮೂರನೆಯ ಕಾಲುಭಾಗದ ಆರಂಭದಲ್ಲಿ ಕಟ್ಲರ್ ಮಂಡಿ ನೋವಿನಿಂದ ಆಟ ಬಿಟ್ಟು ಹೊರಗೆ ಬಂದನು, ಬದಲಿ ಆಟಗಾರರು ಸೆಣಸಿದರೂ ತಂಡ 14–21ರಿಂದ ಸೋತಿತು. ಮೈದಾನದ ಅಂಚಿನಲ್ಲಿದ್ದ ಅವನನ್ನು ಕ್ಯಾಮೆರಾ ಮತ್ತೆ ಮತ್ತೆ ತೋರಿಸಿತು: ಊರುಗೋಲಿಲ್ಲ, ಮುಖದಲ್ಲಿ ನೋವಿನ ಗೆರೆಯಿಲ್ಲ, ಸೋಲಿನ ಸಂಕಟವೂ ಕಾಣುವುದಿಲ್ಲ, ಎಲ್ಲೋ ದೂರ ನೋಡುವಂಥ ನಿರ್ಲಿಪ್ತ ದೃಷ್ಟಿ. ಪಂದ್ಯ ಮುಗಿಯುವ ಮುನ್ನವೇ ಬೇರೆ ತಂಡಗಳ ಆಟಗಾರರು ಟ್ವಿಟರ್‌ನಲ್ಲಿ ಅವನ ಕೆಚ್ಚನ್ನು ಪ್ರಶ್ನಿಸಿದ್ದರು, ಕೆಲವು ಅಭಿಮಾನಿಗಳು ಅವನ ಹೆಸರಿನ ಜೆರ್ಸಿಗೆ ಬೆಂಕಿಯಿಟ್ಟರು. ಮಂಡಿಯ ಒಳಬದಿಯಲ್ಲಿ ಎಲುಬಿಗೆ ಎಲುಬನ್ನು ಬಿಗಿದಿಡುವ ಅಸ್ಥಿರಜ್ಜುವಿಗೆ ಪೆಟ್ಟಾಗಿದೆಯೆಂದು ಮರುದಿನದ ತಪಾಸಣೆ ಹೇಳಿತು. ತಂಡದ ನಾಯಕರಲ್ಲೊಬ್ಬನಾದ ಬ್ರಯನ್ ಅರ್ಲಾಕರ್ ಅವನ ಬೆಂಬಲಕ್ಕೆ ನಿಂತನು. ಆದರೆ ವೈದ್ಯರ ವರದಿಗಿಂತ ಆ ಮುಖದ ಚಿತ್ರವೇ ಜನರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯಿತು.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಅನುಭಾವ ಎಂಬ ಪರಿಭಾಷೆಯೊಂದಿದೆ. ಒಳಗಿನ ಭಾವವನ್ನು ಹೊರಗೆ ತೋರುವ ಕಣ್ಣು, ಹುಬ್ಬು, ಮೈಗಳ ಚಲನೆಗೆ ಆ ಹೆಸರು, ಮತ್ತು ನಟನು ಅದನ್ನು ಬೇಕೆಂದೇ ತೋರುವುದರಿಂದ ಪ್ರೇಕ್ಷಕನು ಅದನ್ನು ನಂಬಿ ಭಾವಕ್ಕೆ ತಲುಪಬಹುದು. ಮೈದಾನದಲ್ಲಿರುವವನು ನಟನಲ್ಲ, ಅವನ ಮುಖ ಯಾರಿಗೂ ಏನನ್ನೂ ತಿಳಿಸಹೊರಟದ್ದಲ್ಲ. ಆದರೂ ಅಭಿಮಾನಿಯು ಆ ಮುಖವನ್ನು ರಂಗಸ್ಥಳದ ಮುಖದಂತೆಯೇ ಓದಿ, ನಗು ಕಂಡರೆ ಆಟದ ಪ್ರೀತಿಯೆಂದೂ ಬಿಗುವು ಕಂಡರೆ ಅಹಂಕಾರವೆಂದೂ ಅರ್ಥ ಹಚ್ಚುತ್ತಾನೆ. ಆಟದ ಒಳಗುಟ್ಟುಗಳು ದೂರದರ್ಶನದ ಪರದೆಯಲ್ಲಿ ಅಷ್ಟಾಗಿ ಕಾಣದಿರುವಾಗ ಸ್ಫುಟವಾಗಿ ಕಾಣುವುದು ಮುಖವೊಂದೇ ಆದ್ದರಿಂದ ಈ ಓದು ಸಹಜವೇ ಸರಿ, ಆದರೆ ನ್ಯಾಯವಾದದ್ದಲ್ಲ.

ಪ್ಯಾಕರ್ಸ್ ತಂಡದ ಹಿಂದಿನ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್‌ನನ್ನು ಕಟ್ಲರ್‌ನ ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಫಾವ್ ಒಪ್ಪಿಸಿದ ಇಂಟರ್ಸೆಪ್ಷನ್‌ಗಳು 336, ಲೀಗಿನ ಇತಿಹಾಸದಲ್ಲಿಯೇ ಅತಿ ಹೆಚ್ಚು. ನೂರು ಎಸೆತಗಳ ಲೆಕ್ಕದಲ್ಲಿ ಅವನದೂ ಕಟ್ಲರ್‌ನದೂ ಮೂರಕ್ಕಿಂತ ತುಸು ಹೆಚ್ಚು, ಹೆಚ್ಚುಕಡಿಮೆ ಒಂದೇ ಪ್ರಮಾಣ. ಇಬ್ಬರ ತಪ್ಪಿನ ಮೂಲವೂ ಒಂದೇ: ಇಬ್ಬರು ರಕ್ಷಕರ ನಡುವೆ ಕೈಯಗಲದ ಸಂದಿ ಕಂಡರೂ ತನ್ನ ತೋಳಿನ ಬಲ ಅದರೊಳಗೆ ಚೆಂಡನ್ನು ತೂರಿಸಬಲ್ಲದೆಂಬ ನಂಬಿಕೆ. ಫಾವ್ ಟಚ್‌ಡೌನ್ ಆದಾಗ ಹುಡುಗನಂತೆ ಕುಣಿದು ಸಹ ಆಟಗಾರರನ್ನು ಹೆಗಲ ಮೇಲೆ ಹೊತ್ತು ಓಡುತ್ತಿದ್ದನು, ಹಾಗಾಗಿ ಅವನ ದುಡುಕು ಧೈರ್ಯವೆನಿಸಿಕೊಂಡಿತು. ಅದೇ ದುಡುಕು ಕಟ್ಲರ್‌ನ ಬಿಗಿದ ಮುಖದ ಕೆಳಗೆ ಉಡಾಫೆಯಾಯಿತು. ಫಾವ್‌ಗೆ ಒಂದು ಸೂಪರ್ ಬೌಲ್ ಗೆಲುವೂ, 297 ಪಂದ್ಯಗಳನ್ನು ಸತತವಾಗಿ ಆರಂಭಿಸಿದ ದಾಖಲೆಯೂ ಇದ್ದವು, ಇಂಟರ್ಸೆಪ್ಷನ್‌ಗಳು ಹೆಚ್ಚು ಸಾಮಾನ್ಯವಾಗಿದ್ದ ಕಾಲದಲ್ಲಿ ಅವನು ಬಹಳಷ್ಟು ಆಡಿದನು. ಇದನ್ನೆಲ್ಲ ಕಳೆದ ಮೇಲೂ ಮುಖದ ಪಾಲು ದೊಡ್ಡದಾಗಿಯೇ ಉಳಿಯುತ್ತದೆ.

ಶಿಕಾಗೊ ಸಿಡುಕನ್ನೇ ಸಹಿಸದ ಊರೇನಲ್ಲ. 1985ರ ಬೇರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜಿಮ್ ಮೆಕ್‌ಮಹನ್ ತನ್ನ ತರಬೇತುದಾರ ಮೈಕ್ ಡಿಟ್ಕಾನೊಂದಿಗೆ ಜಗಳವಾಡುತ್ತಿದ್ದನು; ಲೀಗಿನ ಆಯುಕ್ತ ಪೀಟ್ ರೊಜೆಲ್ ತಲೆಪಟ್ಟಿಯ ಮೇಲಿನ ಕಂಪನಿಯ ಹೆಸರಿಗಾಗಿ ದಂಡ ಹಾಕಿದಾಗ, ಮುಂದಿನ ಪಂದ್ಯಕ್ಕೆ ಆ ಆಯುಕ್ತನ ಹೆಸರನ್ನೇ ಪಟ್ಟಿಯ ಮೇಲೆ ಬರೆದುಕೊಂಡು ಬಂದನು. ಗಾಯಗಳಿಂದಾಗಿ ಆ ಋತುವಿನ 16 ಪಂದ್ಯಗಳಲ್ಲಿ ಅವನು ಆರಂಭಿಸಿದ್ದು 11 ಮಾತ್ರ, ಆದರೆ ಅವನ ಕೆಚ್ಚನ್ನು ಯಾರೂ ಸಂದೇಹಿಸಲಿಲ್ಲ, ಏಕೆಂದರೆ 1986ರ ಜನವರಿಯಲ್ಲಿ ಬೇರ್ಸ್ 46–10ರಿಂದ ಸೂಪರ್ ಬೌಲ್ ಗೆದ್ದಿತ್ತು ಮತ್ತು ಇವನ ಸಿಟ್ಟು ಹೊರಗಿನ ಅಧಿಕಾರದ ಮೇಲೆ ತಿರುಗಿತ್ತು. ಅಭಿಮಾನಿಗೆ ಆ ಸಿಟ್ಟು ತನ್ನದೇ ಅನ್ನಿಸಿತು. ಕಟ್ಲರ್‌ನದು ತನ್ನವರ ಮೇಲೆಯೇ ತಿರುಗುತ್ತಿದ್ದ ಸಿಟ್ಟು. 2012ರಲ್ಲಿ ಗ್ರೀನ್ ಬೇಯಲ್ಲಿ ಏಳು ಸ್ಯಾಕ್‌ಗಳಿಗೆ ಗುರಿಯಾದ ಪಂದ್ಯದ ನಡುವೆ ಅವನು ತನ್ನ ರಕ್ಷಣೆಗೆ ನಿಲ್ಲಬೇಕಿದ್ದ ಜೆ'ಮಾರ್ಕಸ್ ವೆಬ್‌ನನ್ನು ಎಲ್ಲರ ಕಣ್ಣೆದುರೇ ಭುಜದಿಂದ ತಳ್ಳಿದನು. ಅದು ತಪ್ಪೇ, ಸಮರ್ಥನೆಗೆ ಅರ್ಹವಲ್ಲ.

ಆದರೆ ಆ ತಳ್ಳುವಿಕೆಯ ಹಿಂದಿನ ವರ್ಷಗಳನ್ನೂ ನೋಡಬೇಕು. ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐವರನ್ನು ಆಫೆನ್ಸಿವ್ ಲೈನ್ ಎನ್ನುತ್ತಾರೆ. ಬೇರ್ಸ್ ತಂಡದ ಆ ಗೋಡೆ ಎಷ್ಟು ಬಿರುಕು ಬಿಟ್ಟಿತ್ತೆಂದರೆ 2010ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಮೊದಲಾರ್ಧದಲ್ಲೇ ಒಂಬತ್ತು ಸ್ಯಾಕ್‌ಗಳಾದವು, ಕಟ್ಲರ್ ತಲೆಗೆ ಪೆಟ್ಟು ತಿಂದು ಹೊರಗೆ ಬಂದನು. ಆ ಋತುವಿನಲ್ಲಿ ಅವನಿಗೆ ಬಿದ್ದ ಸ್ಯಾಕ್‌ಗಳು 52. ಆಗಿನ ದಾಳಿಯ ಸಂಯೋಜಕ ಮೈಕ್ ಮಾರ್ಟ್ಸ್‌ನ ಪದ್ಧತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಏಳು ಹೆಜ್ಜೆ ಹಿಂದೆ ಸರಿದು ದೂರದ ಎಸೆತಕ್ಕಾಗಿ ಕಾಯಬೇಕಿತ್ತು, ಅಂದರೆ ಬಿರುಕು ಬಿಟ್ಟ ಗೋಡೆಯೇ ಇತರರ ಗೋಡೆಗಿಂತ ಹೆಚ್ಚು ಹೊತ್ತು ನಿಲ್ಲಬೇಕಿತ್ತು. ಎಂಟು ಋತುಗಳಲ್ಲಿ ಸಂಯೋಜಕರು ಹಲವು ಬಾರಿ ಬದಲಾದರು, ಪ್ರತಿ ಬದಲಾವಣೆಗೂ ಹೊಸ ಪರಿಭಾಷೆಯನ್ನು ಬಾಯಿಪಾಠ ಮಾಡಬೇಕಾಯಿತು. ಇದಲ್ಲದೆ 2008ರಲ್ಲಿ ಅವನಿಗೆ ಒಂದನೆಯ ವಿಧದ ಮಧುಮೇಹವಿರುವುದು ಪತ್ತೆಯಾಗಿತ್ತು. ಪಂದ್ಯದ ನಡುವೆ ಮೈದಾನದ ಅಂಚಿನಲ್ಲಿ ಬೆರಳ ತುದಿ ಚುಚ್ಚಿ ರಕ್ತದ ಸಕ್ಕರೆಯನ್ನು ನೋಡಿಕೊಂಡು ಮತ್ತೆ ಆಟಕ್ಕೆ ಮರಳುವುದು ಅವನ ನಿತ್ಯದ ಕ್ರಮವಾಗಿತ್ತು. ಇದನ್ನು ಅವನು ಪ್ರದರ್ಶನಕ್ಕಿಡಲಿಲ್ಲ, ಇಂಥದ್ದನ್ನು ಹೇಳಿಕೊಂಡು ಸಹಾನುಭೂತಿ ಗಳಿಸುವ ಜಾಯಮಾನವೂ ಅವನದಾಗಿರಲಿಲ್ಲ.

2017ರ ಮಾರ್ಚ್‌ನಲ್ಲಿ ಬೇರ್ಸ್ ಅವನನ್ನು ಕೈಬಿಟ್ಟಿತು. ಆ ಹೊತ್ತಿಗೆ ಒಂದು ಶತಮಾನಕ್ಕೆ ಹತ್ತಿರವಾಗಿದ್ದ ತಂಡದ ಇತಿಹಾಸದಲ್ಲಿ 23,443 ಗಜ ಮತ್ತು 154 ಟಚ್‌ಡೌನ್ ಎಸೆತಗಳೊಂದಿಗೆ ಎರಡೂ ಪಟ್ಟಿಗಳ ತುದಿಯಲ್ಲಿದ್ದ ಹೆಸರು ಅವನದೇ. ಅವನು ಆರಂಭಿಸಿದ ಲೀಗ್ ಪಂದ್ಯಗಳಲ್ಲಿ ತಂಡ 51 ಗೆದ್ದು 51 ಸೋತಿತ್ತು. ಮಹಾನ್ ಆಟಗಾರನೆಂದು ಕರೆಯಲು ಈ ಸಮಬಲದ ಲೆಕ್ಕ ಸಾಲದು. ಪ್ರತಿಭೆಗೆ ತಕ್ಕ ಫಲ ಬರಲಿಲ್ಲವೆಂಬ ಅಭಿಮಾನಿಯ ದೂರು ನಿಜ. ಹೇಡಿಯೆಂಬ ದೂರು ಮಾತ್ರ ಸುಳ್ಳು, ಅದಕ್ಕೆ ಸಾಕ್ಷಿ ಜೆರ್ಸಿಗಳು ಸುಟ್ಟ ಅದೇ ವರ್ಷದಲ್ಲೇ ಇದೆ. 2011ರ ನವೆಂಬರ್ 20ರಂದು ಸ್ಯಾನ್ ಡಿಯೇಗೊ ತಂಡದ ವಿರುದ್ಧ ತನ್ನ ಎಸೆತ ಎದುರಾಳಿಯ ಕೈಸೇರಿದಾಗ ಕಟ್ಲರ್ ಅವನನ್ನು ತಡೆಯಲು ಮುನ್ನುಗ್ಗಿ ಎಸೆಯುವ ಕೈಯ ಹೆಬ್ಬೆರಳನ್ನೇ ಮುರಿದುಕೊಂಡನು. ಆಟ ಬಿಟ್ಟು ಹೊರಗೆ ಬರಲಿಲ್ಲ, ಬೇರ್ಸ್ 31–20ರಿಂದ ಗೆದ್ದು ಹತ್ತರಲ್ಲಿ ಏಳನೆಯ ಜಯ ಪಡೆಯಿತು. ಅವನಿಲ್ಲದೆ ಆಡಿದ ಮುಂದಿನ ಐದು ಪಂದ್ಯಗಳನ್ನೂ ತಂಡ ಸೋತಿತು.