ಉಗಿ ಇದೆ, ಬೆವರೆಲ್ಲಿ?

‘ಸ್ಟೀಮ್‌ಬಾಯ್’ ನೋಡಿ ಎದ್ದವರ ಬಾಯಲ್ಲಿ ಬರುವ ಮಾತು ಹೆಚ್ಚುಕಮ್ಮಿ ಒಂದೇ: ಚಿತ್ರ ಅದ್ಭುತ, ಕಥೆ ಸಪ್ಪೆ. 2004ರ ಜುಲೈನಲ್ಲಿ ಜಪಾನಿನಲ್ಲಿ ತೆರೆಕಂಡಾಗಿನಿಂದ ಇದೇ ತೀರ್ಪು. ಮೊನ್ನೆ ತ್ಯಾಮಗೊಂಡ್ಲಿನ ನಮ್ಮ ಪಡಸಾಲೆಯಲ್ಲಿ ಟಿ.ವಿ.ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದ ಮೇಲೂ ಅದೇ. ಇಪ್ಪತ್ತು ವರ್ಷ ದಾಟಿದರೂ ಒಂದಿಷ್ಟೂ ಅಲುಗಾಡದ ತೀರ್ಪು ಎಂದರೆ ನನಗೆ ಗುಮಾನಿ. ಚಿತ್ರ ಒಂದು ಕಡೆ, ಕಥೆ ಒಂದು ಕಡೆ ಎಂದು ಸೌದೆ ಸೀಳಿದ ಹಾಗೆ ಸೀಳಿಬಿಟ್ಟರೆ ಈ ಜಾತಿಯ ಸಿನಿಮಾ ಎಲ್ಲಿ ಗೆದ್ದಿತು, ಎಲ್ಲಿ ಮುಗ್ಗರಿಸಿತು ಎನ್ನುವುದು ತಿಳಿಯುವುದೇ ಇಲ್ಲ.

ಉಗಿಯ ಕಾಲ ಮುಗಿಯದೇ ಹೋಗಿದ್ದರೆ? ಸ್ಟೀಮ್‌ಪಂಕ್ ಎನ್ನುವ ಇಡೀ ಲೋಕ ನಿಂತಿರುವುದು ಈ ಒಂದು ‘ರೆ’ ಮೇಲೆ. ಹಿತ್ತಾಳೆ ಕೊಳವೆ, ರಿವೆಟ್ ಹೊಡೆದ ತಗಡು, ನಡುಗುವ ಮುಳ್ಳಿನ ಮೀಟರು, ಆಕಾಶದಲ್ಲಿ ಹಡಗು. ವಿಕ್ಟೋರಿಯಾ ರಾಣಿಯ ಇಂಗ್ಲೆಂಡು ಇದರ ತವರು ಅನ್ನುತ್ತಾರೆ. ಆದರೆ ನಮ್ಮ ನೆಲದಲ್ಲಿ ಆ ‘ರೆ’ಗೆ ತಾರೀಕಿನ ಸಮೇತ ಜಾಗ ತೋರಿಸಬಹುದು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿ ಹಿಡಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಅಲ್ಲಿಯತನಕ ಗಣಿಯ ಭಾರ ಹೊತ್ತಿದ್ದು ಉಗಿ. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದ ಆ ಯೋಜನೆ ಕೈಗೂಡದೇ ಹೋಗಿದ್ದರೆ ಕೆಜಿಎಫ್ ಎಷ್ಟು ಕಾಡು ಸುಟ್ಟು ಎಂಥ ಬಾಯ್ಲರ್ ಕಟ್ಟಿಕೊಳ್ಳುತ್ತಿತ್ತೋ! ಬೆಂಗಳೂರಿನ ಸ್ಟುಡಿಯೋಗಳಲ್ಲಿ ಊರೂರಿನ ಸಿನಿಮಾಕ್ಕೆ ಕೂಲಿ ಲೆಕ್ಕದಲ್ಲಿ ಫ್ರೇಮು ತಿದ್ದುವ ನಮ್ಮ ಹುಡುಗರಲ್ಲಿ ಒಬ್ಬರಾದರೂ ಈ ಕಥೆಗೆ ಕೈ ಹಾಕಬಾರದೇ?

ಇರಲಿ. ‘ಸ್ಟೀಮ್‌ಬಾಯ್’ ಮಾಡಿದವರು ಕತ್ಸುಹಿರೊ ಒಟೊಮೊ, 1988ರ ‘ಅಕಿರಾ’ದ ಒಟೊಮೊ. ಹತ್ತು ವರ್ಷದ ಕೆಲಸ, 1,80,000 ಚಿತ್ರಗಳು, 126 ನಿಮಿಷ. 1866ರ ಮ್ಯಾಂಚೆಸ್ಟರ್‌ನಲ್ಲಿ ರೇ ಎಂಬ ಹುಡುಗ ಬಟ್ಟೆ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿರುತ್ತಾನೆ. ತಾತನಿಂದ ಮನೆಗೊಂದು ಲೋಹದ ಗೋಲ ಬರುತ್ತದೆ. ಅದರೊಳಗೆ ಊಹೆಗೆ ಮೀರಿದ ಒತ್ತಡ. ಅದರ ಹಿಂದೆ ಕಂಪನಿಯವರು, ಸರ್ಕಾರದವರು. ನಡುವೆ ವಿಜ್ಞಾನ ಯಾರಿಗೆ ಎಂದು ಜಗಳ ಆಡುವ ಅಪ್ಪ ಮತ್ತು ತಾತ. ಲಂಡನ್ನಿನ ಮಹಾ ವಸ್ತುಪ್ರದರ್ಶನ ನಿಜವಾಗಿ ನಡೆದದ್ದು 1851ರಲ್ಲಿ. ರೈಲ್ವೆ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ತೀರಿಕೊಂಡದ್ದು 1859ರಲ್ಲಿ. ಸಿನಿಮಾದಲ್ಲಿ 1866ಕ್ಕೂ ಪ್ರದರ್ಶನ ಇದೆ, ಆ ಹೆಸರಿನ ಮನುಷ್ಯ ಓಡಾಡಿಕೊಂಡೂ ಇದ್ದಾನೆ. ಇದಕ್ಕೆ ನಾನು ಅಂಕ ಕಳೆಯುವುದಿಲ್ಲ. ‘ರೆ’ ಹಚ್ಚಿದ ಮೇಲೆ ಪಂಚಾಂಗ ಹಿಡಿದು ಕೂರುವುದು ಸಲ್ಲ.

ನಮ್ಮ ಜೊತೆ ನೋಡಲು ಕೂತವರಲ್ಲಿ ಇಬ್ಬರ ಮಾತು ಇಲ್ಲಿಗೆ ಬೇಕು. ಒಬ್ಬ ನೆಲಮಂಗಲಕ್ಕೆ ಕಾಲೇಜಿಗೆ ಹೋಗುವ ಹುಡುಗ, ಫೋನಿನಲ್ಲೇ ಲೆಕ್ಕವಿಲ್ಲದಷ್ಟು ಆನಿಮೆ ಅರೆದು ಕುಡಿದವನು. ಇನ್ನೊಬ್ಬರು ನಮ್ಮ ಬೀದಿಯ ಹಿರಿಯರು, ಮೀಟರ್‌ಗೇಜಿನ ದಿನಗಳಲ್ಲಿ ಸ್ಟೀಮ್ ಎಂಜಿನ್ನಿಗೆ ಫೈರ್‌ಮನ್ ಆಗಿದ್ದವರು. 1884ರಲ್ಲೇ ಬೆಂಗಳೂರು–ತುಮಕೂರು ರೈಲು ಕಂಡ ಸೀಮೆ ನಮ್ಮದು. ನಿಡವಂದ ಸ್ಟೇಷನ್ನಿನಲ್ಲಿ ಹೊಗೆ ಉಗುಳುತ್ತ ನಿಂತ ಗಾಡಿ ನೋಡಿದವರು ಊರಲ್ಲಿ ಇನ್ನೂ ಇದ್ದಾರೆ. ಅದರ ಹೊಟ್ಟೆಗೆ ಉಣಿಸಿದವರು ಮಾತ್ರ ಅಪರೂಪ.

ಮೊದಲ ಮುಕ್ಕಾಲು ಗಂಟೆ ಹಿರಿಯರು ಕಣ್ಣು ಕೀಳಲಿಲ್ಲ. ಗಿರಣಿಯಲ್ಲಿ ಒತ್ತಡ ಮಿತಿಮೀರಿ ಮೀಟರಿನ ಮುಳ್ಳು ಕೆಂಪು ದಾಟುವುದು, ರೇ ಸ್ಪ್ಯಾನರ್ ಹಿಡಿದು ನುಗ್ಗುವುದು, ಎಲ್ಲವನ್ನೂ ಒಪ್ಪಿದರು. ರೇ ತಾನೇ ಮಾಡಿದ ಒಂಟಿಗಾಲಿಯ ಗಾಡಿ ಏರಿ ರೈಲು ಹಳಿಯತ್ತ ಓಡಿ, ಹಿಂದೆ ದೈತ್ಯ ಉಗಿಗಾಡಿ ಬೇಲಿ, ಗೋಡೆ ಮುರಿದುಕೊಂಡು ಬರುವಾಗ ಮಂಡಿಯ ಮೇಲೆ ಕೈ ತಟ್ಟಿದರು. ಆಮೇಲೆ ಸುಮ್ಮನಾದರು. ಲಂಡನ್ನಿನಲ್ಲಿ ‘ಸ್ಟೀಮ್ ಕ್ಯಾಸಲ್’ ಎಂಬ ಕೋಟೆಯಂಥ ಯಂತ್ರ ನೆಲ ಬಿಟ್ಟು ಏಳುವ ಹೊತ್ತಿಗೆ ಕುರ್ಚಿಯಲ್ಲಿ ಒರಗಿಬಿಟ್ಟಿದ್ದರು.

ಮುಗಿದ ಮೇಲೆ ಹುಡುಗ ಅಂದ: “ಸೆಕೆಂಡ್ ಹಾಫ್ ಲ್ಯಾಗ್ ಸಾರ್. ಆದ್ರೆ ಅನಿಮೇಷನ್ ಮಾತ್ರ ಬೆಂಕಿ.”

“ಎಲ್ಲಪ್ಪಾ ಬೆಂಕಿ?” ಅಂದರು ಹಿರಿಯರು. “ಅಷ್ಟು ದೊಡ್ಡ ಬಂಗಲೆ ಮೇಲಕ್ಕೆದ್ದೋಯ್ತು. ಒಬ್ಬನಾದ್ರೂ ಗೇಜ್ ಗ್ಲಾಸ್ ಕಡೆ ತಿರುಗಿ ನೋಡಿದ್ನಾ? ನೀರು ಎಷ್ಟೈತೆ ಅಂತ ಯಾರಿಗಾದ್ರೂ ಚಿಂತೆ ಇತ್ತಾ?”

ಫೈರ್‌ಮನ್ನನಿಗೆ ಮೊದಲ ಚಿಂತೆ ಬೆಂಕಿಯದಲ್ಲ, ನೀರಿನದು. ಬಾಯ್ಲರಿನ ನೀರು ಗಾಜಿನ ಕೊಳವೆಯಲ್ಲಿ ಕಾಣಬೇಕು. ಬೆಂಕಿಗೂಡಿನ ನೆತ್ತಿಗಿಂತ ನೀರು ಕೆಳಗಿಳಿದರೆ ಅಲ್ಲಿ ಕೂರಿಸಿದ ಸೀಸದ ಪ್ಲಗ್ಗು ಕರಗಿ ಉಗಿ ಕೆಳಗೆ ನುಗ್ಗುತ್ತದೆ, ಅದು ಎಚ್ಚರಿಕೆ. ಅದಕ್ಕೂ ಮೀರಿದರೆ ಬಾಯ್ಲರೇ ಸಿಡಿಯುತ್ತದೆ. ಏರು ಬಂದಾಗ ಉಗಿ ಹೆಚ್ಚು ಬೇಕು, ನೀರು ಹಾಕಿದರೆ ಉಗಿ ಇಳಿಯುತ್ತದೆ. ಸಲಿಕೆ ಒಂದು ಕೈ, ನೀರು ತಳ್ಳುವ ಇಂಜೆಕ್ಟರ್ ಒಂದು ಕೈ. ದಿನವಿಡೀ ಈ ತೂಗಾಟವೇ ಅವರ ನೌಕರಿ. ಇಷ್ಟನ್ನು ಅವರು ಹೇಳಿದ ಮೇಲೆ ಒಟೊಮೊ ಎಡವಿದ ಜಾಗ ನನಗೆ ಕಂಡಿತು. ಗಿರಣಿಯಲ್ಲಿ ಉಗಿಗೆ ಬೆಲೆ ಇದೆ, ಯಾರದೋ ಮೈ ಸುಡುತ್ತದೆ. ಗೋಲ ಕೈಗೆ ಬಂದ ಮೇಲೆ ಉಗಿ ಪುಕ್ಕಟೆ. ದುಡಿಯುವವರು ಬೇಕಿಲ್ಲದ ಮೇಲೆ ಪಾತ್ರಗಳಿಗೆ ಉಳಿದ ಕೆಲಸ ಭಾಷಣ ಮಾಡುವುದೊಂದೇ. ಅಪ್ಪ, ತಾತ ಇಬ್ಬರೂ ಅದನ್ನು ಧಾರಾಳವಾಗಿ ಮಾಡುತ್ತಾರೆ. ಕಥೆ ಸಪ್ಪೆ ಅನ್ನಿಸುವುದು ಕಥೆ ಕಮ್ಮಿಯಾಗಿ ಅಲ್ಲ, ಯಂತ್ರದ ಕಷ್ಟ ಸುಖ ಕಮ್ಮಿಯಾಗಿ. ಹಾಗಾಗಿ ಚಿತ್ರಗಳೂ ಎರಡನೇ ಅರ್ಧದಲ್ಲಿ ಹಗುರವಾಗುತ್ತವೆ, ಗೆರೆಗೆರೆಯೂ ಎಷ್ಟೇ ನಿಖರವಾಗಿರಲಿ.

ಇದರ ಎದುರಿಗೆ, ಅದೇ ಪಡಸಾಲೆಯಲ್ಲಿ ನಾವು ನೋಡಿದ ಇನ್ನೊಬ್ಬ ಜಪಾನಿ ನಿರ್ದೇಶಕ ಮಿಯಾಜಾಕಿಯ ‘ಕ್ಯಾಸಲ್ ಇನ್ ದ ಸ್ಕೈ’ ಇಟ್ಟು ನೋಡಿ. 1986ರ ಆಗಸ್ಟ್ 2ರಂದು ಬಂದದ್ದು, ಸ್ಟುಡಿಯೋ ಘಿಬ್ಲಿಯ ಹೆಸರಿನಲ್ಲಿ ಮೊದಲನೆಯದು. ಕಥೆ ತೆರೆದುಕೊಳ್ಳುವುದು ಒಂದು ಗಣಿಯೂರಿನಲ್ಲಿ. ಇದಕ್ಕಾಗಿ ವೇಲ್ಸ್‌ಗೆ ಹೋಗಿದ್ದ ಮಿಯಾಜಾಕಿ ಅಲ್ಲಿನ ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟವನ್ನು ಮನಸ್ಸಿಗೆ ಹಚ್ಚಿಕೊಂಡು ಬಂದಿದ್ದರು. ಪಾಜು ಎಂಬ ಹುಡುಗ ಯಜಮಾನನಿಗೆ ಊಟ ತರುವ ರಾತ್ರಿ ಆಕಾಶದಿಂದ ಒಬ್ಬ ಹುಡುಗಿ ಇಳಿಯುತ್ತಾಳೆ, ಕೊರಳಲ್ಲಿ ಹೊಳೆಯುವ ಹರಳು. ಅವಳನ್ನು ಎರಡೂ ಕೈಯಲ್ಲಿ ಹಿಡಿಯುವಾಗ ಮೊದಲು ಹತ್ತಿಯ ಹಾಗೆ ಹಗುರ. ಹರಳಿನ ಬೆಳಕು ಆರಿದ ಕೂಡಲೇ ಪೂರ್ತಿ ತೂಕ ತೋಳಿಗೆ ಬಿದ್ದು ಹುಡುಗ ಗಣಿಯ ಬಾಯಿಗೆ ಬೀಳುವುದರಲ್ಲಿರುತ್ತಾನೆ. ಅದೇ ಹೊತ್ತಿಗೆ ಯಜಮಾನ ಕೂಗುತ್ತಾನೆ: ಕೊಳವೆ ಸೋರುತ್ತಿದೆ, ನಾನು ಬಿಡುವ ಹಾಗಿಲ್ಲ, ಲಿಫ್ಟು ನೀನೇ ನಿಲ್ಲಿಸು. ಕೆಳಗಿನಿಂದ ಕಾರ್ಮಿಕರ ತೊಟ್ಟಿಲು ಬರುತ್ತಿದೆ. ಆಕಾಶದಿಂದ ಬಂದ ಹುಡುಗಿಯನ್ನು ಪಕ್ಕಕ್ಕೆ ಮಲಗಿಸಿ ಪಾಜು ಸನ್ನೆಕೋಲು ಹಿಡಿಯುತ್ತಾನೆ. ಹೊರಬಂದವರು ಏನೂ ಸಿಗಲಿಲ್ಲ ಎಂದು ಮುಖ ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಪವಾಡ ಕಾಯಬಹುದು, ಪಾಳಿ ಕಾಯುವುದಿಲ್ಲ. ಇಡೀ ಸಿನಿಮಾವನ್ನು ನಾನು ನಂಬಿದ್ದು ಆ ಒಂದೆರಡು ನಿಮಿಷದಿಂದ.

ರೆಕ್ಕೆ ಬಡಿಯುವ ಇಲ್ಲಿನ ಸಣ್ಣ ವಿಮಾನಗಳು ಯಾವ ಲೆಕ್ಕಕ್ಕೂ ಹಾರಲಾರವು. ಒಟೊಮೊನ ಯಂತ್ರಗಳು ಇದಕ್ಕಿಂತ ನೂರು ಪಾಲು ನಿಖರ. ಆದರೂ ಹಿರಿಯರು ಇದಕ್ಕೇ ತಲೆದೂಗಿದರು. ಒಂದು ಕಡೆ ಮಾತ್ರ ಮನೆಯ ಹೆಂಗಸರು ನಕ್ಕರು. ಖಳನಾಯಕ ಮುಸ್ಕಾ ಆಕಾಶದಲ್ಲಿ ತೇಲುವ ಕೋಟೆ ಲಪುಟಾದ ಅಸ್ತ್ರವನ್ನು ಬಿಟ್ಟು ತೋರಿಸುತ್ತ, ರಾಮಾಯಣದಲ್ಲಿ ಇದನ್ನೇ ಇಂದ್ರನ ಬಾಣ ಎಂದಿದ್ದಾರೆ ಅನ್ನುತ್ತಾನೆ. ವಜ್ರಾಯುಧದ ಕಥೆ ಕೇಳಿ ಬೆಳೆದವರಿಗೆ ನಗು ಬರದೇ ಇದ್ದೀತೆ!

ಹಾರುತ್ತದೋ ಇಲ್ಲವೋ ಎನ್ನುವ ಅಳತೆಗೋಲು ಎಲ್ಲಿ ಸರಿ ಎನ್ನುವುದಕ್ಕೆ ನಮ್ಮದೇ ಜಿಲ್ಲೆಯ ನೆರೆಯಲ್ಲೊಂದು ಉದಾಹರಣೆ ಇದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ಕ್ಕೆ 1923ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಎಲ್ಲಪ್ಪ ಚಿತ್ರ ಬರೆದರು. ಶಕುನ, ಸುಂದರ, ರುಕ್ಮ, ತ್ರಿಪುರ. ಅಂತಸ್ತಿನ ಮೇಲೆ ಅಂತಸ್ತು, ಚಕ್ರ, ಕೊಳವೆ, ಹಕ್ಕಿಯ ರೆಕ್ಕೆ ಬಾಲ. ಒಂದೊಂದೂ ಸ್ಟೀಮ್‌ಪಂಕ್ ಸಿನಿಮಾದ ಪೋಸ್ಟರಿಗೆ ಹೇಳಿ ಮಾಡಿಸಿದ್ದು, ಆ ಹೆಸರು ಹುಟ್ಟುವ ಎಷ್ಟೋ ವರ್ಷ ಮೊದಲು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಅವನ್ನು ಕೂಲಂಕಷವಾಗಿ ನೋಡಿ, ಇವು ಯಾವುವೂ ಹಾರುವ ಯಂತ್ರಗಳಲ್ಲ, ಗ್ರಂಥವೂ ಪ್ರಾಚೀನದ್ದಲ್ಲ ಎಂದರು. ನಕ್ಷೆಗಳಲ್ಲಿ ಆಧುನಿಕ ಯಂತ್ರದ ಪರಿಚಯ ಕಾಣುವುದಕ್ಕೆ ಎಲ್ಲಪ್ಪನವರ ಕಾಲೇಜೇ ಕಾರಣ ಎಂದೂ ಗುರುತಿಸಿದರು. ಶಾಸ್ತ್ರ ಎಂದು ಮುಂದಿಟ್ಟದ್ದಕ್ಕೆ ಆ ಪರೀಕ್ಷೆ ಆಗಲೇಬೇಕಿತ್ತು. ಅದನ್ನೇ ಒಬ್ಬ ಒಳ್ಳೆಯ ಅನಿಮೇಟರ್ ಕಥೆ ಎಂದು ತಂದರೆ ನಾನು ಕೇಳುವುದು ಬೇರೆ: ಶಕುನ ವಿಮಾನದೊಳಗೆ ಎಣ್ಣೆ ಬಿಡುವವನು ಯಾರು, ಅವನಿಗೆ ಸಂಬಳ ಆಗಿದೆಯೇ?

ನೋಡುವವರಿಗೆ ಎರಡು ಮಾತು. ‘ಸ್ಟೀಮ್‌ಬಾಯ್’ ಅಮೆರಿಕದ ಥಿಯೇಟರಿಗೆ ಹೋಗುವಾಗ ಕಾಲು ಗಂಟೆಗೂ ಹೆಚ್ಚು ಕತ್ತರಿ ಬಿತ್ತು. ಪೂರ್ತಿ 126 ನಿಮಿಷದ್ದನ್ನೇ ಹುಡುಕಿ. ‘ಕ್ಯಾಸಲ್ ಇನ್ ದ ಸ್ಕೈ’ಯನ್ನು ಜಪಾನಿ ಮಾತಿನಲ್ಲೇ ನೋಡಿ. ಡಿಸ್ನಿಯ ಇಂಗ್ಲಿಷ್ ಡಬ್ಬಿಂಗಿಗಾಗಿ ಸಂಗೀತಗಾರ ಜೋ ಹಿಸಾಯಿಶಿ ಹೊಸದಾಗಿ ಸಂಗೀತ ತುಂಬಿಕೊಟ್ಟರು. ಮೂಲದಲ್ಲಿ ಸುಮ್ಮನಿದ್ದ ಎಷ್ಟೋ ಕಡೆ ಅಲ್ಲಿ ವಾದ್ಯ ಮೊಳಗುತ್ತದೆ. ಅದೇ ಚೆಂದ ಅನ್ನುವವರೂ ಉಂಟು. ನನಗೆ ಮಾತ್ರ ಎಂಜಿನ್ನಿನ ಉಸಿರು ಕೇಳಬೇಕು. ಅಂದಹಾಗೆ, ಬಿಡುಗಡೆಯಾದಾಗ ಈ ಸಿನಿಮಾಗೆ ಥಿಯೇಟರಿನಲ್ಲಿ ಅಂಥ ಜನ ಇರಲಿಲ್ಲ. 2013ರ ಆಗಸ್ಟ್ 2ರ ರಾತ್ರಿ ಜಪಾನಿನ ಟಿ.ವಿ.ಯಲ್ಲಿ ಬಂದಾಗ, ಲಪುಟಾವನ್ನು ಒಡೆಯುವ ಮಂತ್ರ ಹೇಳುವ ಘಳಿಗೆಗೆ ಸರಿಯಾಗಿ ಎಲ್ಲರೂ ಆ ಮಂತ್ರವನ್ನೇ ಬರೆದು ಒಂದೇ ಸೆಕೆಂಡಿಗೆ 1,43,199 ಟ್ವೀಟು ಬಿದ್ದವು. ಮೊದಲ ವಾರದ ತೀರ್ಪನ್ನು ನಾನು ನಂಬದಿರುವುದಕ್ಕೆ ಇದೂ ಒಂದು ಕಾರಣ.

ಕೊನೆಗೆ ಹುಡುಗ ಅಂಕ ಹಾಕಿದ: ‘ಸ್ಟೀಮ್‌ಬಾಯ್’ಗೆ ಹತ್ತಕ್ಕೆ ಆರೂವರೆ, ಇನ್ನೊಂದಕ್ಕೆ ಒಂಬತ್ತು. “ನಿಮ್ದೆಷ್ಟು ತಾತ?” ಎಂದು ಕೇಳಿದರೆ ಹಿರಿಯರು ಬಾಯಿ ಬಿಡಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ಕಡಲ್ಗಳ್ಳರ ಹಾರುಹಡಗಿನ ಎಂಜಿನ್ ಕೋಣೆಯಲ್ಲಿ ಮಸಿ ಮೆತ್ತಿಕೊಂಡು ಪಾಜುವಿಗೆ ಗದರಿ ಕೆಲಸ ಹೇಳುವ ಮುದುಕ ಮೆಕ್ಯಾನಿಕ್ಕು. “ಮೇಷ್ಟ್ರೇ,” ಅಂದರು, “ಆವಯ್ಯನಿಗೆ ಡ್ಯೂಟಿ ಬಿಡಿಸೋಕೆ ಇನ್ನೊಬ್ಬ ಇರಲಿಲ್ವಾ?”