ಕೇಪು ಪಿಸ್ತೂಲಿನ ಕುದುರೆ

ದೀಪಾವಳಿ ಹತ್ತಿರವಾದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಅಂಗಡಿಗಳಲ್ಲಿ ಪಟಾಕಿಯ ಜೊತೆಗೆ ಕೇಪು ಪಿಸ್ತೂಲುಗಳೂ ಬರುತ್ತವೆ. ಕೆಲವುಗಳ ರೂಪ ನೋಡಿ: ಬಾಗಿದ ಹಿಡಿ, ಉದ್ದ ನಳಿಕೆ, ನಡುವೆ ಉರುಳೆ. 1873ರ ಕೋಲ್ಟ್ ರಿವಾಲ್ವರಿನದೇ ಮೈಕಟ್ಟು.

ಅಮೆರಿಕದ ಕೌಬಾಯ್ ಶೂಟಿಂಗ್ ಸ್ಪರ್ಧೆಗಳಲ್ಲಿ ಅದೇ ಕೋಲ್ಟಿನ ನಕಲುಗಳನ್ನು ಬಳಸುತ್ತಾರೆ. ಇಟಲಿಯ ಉಬರ್ಟಿ, ಪಿಯೆಟ್ಟಾ ಮಾಡುವಂಥವು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆ (ಹ್ಯಾಮರ್) ಎಳೆದು ನಿಲ್ಲಿಸಿ, ಆಮೇಲೆ ಟ್ರಿಗರ್ ಒತ್ತಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಪರವಾನಗಿಯಿಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ನನ್ನ ಪ್ರೀತಿಯೆಲ್ಲ ಆಟಿಕೆಗೇ.

ಆರಿಸುವಾಗ ಮಿರುಗುವ ಬಣ್ಣಕ್ಕೆ ಮರುಳಾಗಬೇಡಿ. ಕುದುರೆ ಎಳೆದು ಬಿಡಿ. ಸ್ಪ್ರಿಂಗ್ ಬಿಗಿಯಾಗಿದ್ದರೆ ಏಟೂ ಗಟ್ಟಿ. ಕುದುರೆಯ ಮೂತಿ ಮದ್ದಿನ ಚುಕ್ಕೆಯ ಮೇಲೆ ಸರಿಯಾಗಿ ಬೀಳದಿದ್ದರೆ ಬರೀ ‘ಟಕ್’ ಅನ್ನುತ್ತದೆ. ರೀಲು ಹಾಕುವ ಪಿಸ್ತೂಲಿನಲ್ಲಿ ಪ್ರತಿ ಏಟಿಗೂ ಕಾಗದವನ್ನು ಒಂದೇ ಚುಕ್ಕೆಯಷ್ಟು ಮೇಲೆ ತಳ್ಳುವ ಪುಟ್ಟ ಕೊಕ್ಕೆಯಿರುತ್ತದೆ. ಇಡೀ ಯಂತ್ರದ ಜಾಣತನ ಅದರಲ್ಲೇ. ಅದು ಸವೆದರೆ ಕಥೆ ಮುಗಿಯಿತು. ರಿಂಗ್ ಕೇಪಿನದಕ್ಕೆ ಕಾಗದ ತಳ್ಳುವ ಗೋಜಿಲ್ಲ, ಒಂದು ರಿಂಗಿಗೆ ಸಾಮಾನ್ಯವಾಗಿ ಎಂಟು ಏಟು. ಆದರೆ ಸುಟ್ಟ ಕಾಗದ ನಾಲಗೆಯಂತೆ ಹೊರಚಾಚುವ ಸೊಗಸು ಅದಕ್ಕೆಲ್ಲಿಂದ ಬರಬೇಕು?

ಪ್ಲಾಸ್ಟಿಕ್ಕಿನದು ಅಗ್ಗ, ಪುಟ್ಟ ಕೈಗೆ ಹಗುರ. ತಗಡಿನದಾದರೆ ಅಂಚು ಸವರಿ ನೋಡಿಯೇ ದುಡ್ಡು ಕೊಡಿ, ಬೆರಳು ಕುಯ್ಯಬಾರದು. ಕಣ್ಣು, ಕಿವಿಯ ಹತ್ತಿರವಂತೂ ಹೊಡೆಯಲು ಬಿಡಬೇಡಿ. ಹಬ್ಬದ ಹೊತ್ತಿಗೆ ನಮ್ಮ ಕಡೆ ಹಿಂಗಾರು ಮಳೆಯ ಕಾಲ; ಡಬ್ಬಿ ತೆರೆದಿಟ್ಟರೆ ಕೇಪಿಗೆ ಥಂಡಿ ಹಿಡಿಯುತ್ತದೆ. ಹಳೇ ದಾಸ್ತಾನು ಬೇಡ, ಈ ವರ್ಷದ್ದನ್ನೇ ಕೇಳಿ ಕೊಳ್ಳಿ.