ಶೂಮನ್ನನ ಸಿಂಫೊನಿಗಳು: ಮೂಲಪಾಠವೂ ತಿದ್ದುಪಾಟೂ

ರಾಬರ್ಟ್ ಶೂಮನ್ (1810–1856) ಪಿಯಾನೋ ವಾದ್ಯಕ್ಕೂ ಭಾವಗೀತಕ್ಕೂ ಹುಟ್ಟಿದ ಕಲಾವಿದನೆಂದೂ, ದೊಡ್ಡ ವಾದ್ಯವೃಂದದ ಮರ್ಮವನ್ನು ಅವನು ಅರಿಯಲಿಲ್ಲವೆಂದೂ ಯೂರೋಪಿನ ವಿಮರ್ಶಕರು ಬಹುಕಾಲ ಹೇಳುತ್ತ ಬಂದರು. ಅವನ ನಾಲ್ಕು ಸಿಂಫೊನಿಗಳಲ್ಲಿ ಭಾವವುಂಟು, ಕಲ್ಪನೆಯುಂಟು. ಆದರೆ ಒಂದೇ ಸ್ವರಪಂಕ್ತಿಯನ್ನು ಪಿಟೀಲಿಗೂ ಕೊಳಲಿಗೂ ಕ್ಲಾರಿನೆಟ್ಟಿಗೂ ಒಟ್ಟಿಗೆ ಹೊರಿಸಿದುದರಿಂದ ಬಣ್ಣಗಳೆಲ್ಲ ಕಲಸಿಹೋಗಿ ಬೂದಿಯ ಬಣ್ಣವೊಂದೇ ಉಳಿಯಿತು—ಇದು ಆ ಆಪಾದನೆಯ ಸಾರ. ನಿರ್ದೇಶಕನಾದ ಫೆಲಿಕ್ಸ್ ವೈನ್‌ಗಾರ್ಟ್ನರನು ಶೂಬರ್ಟ್, ಶೂಮನ್ ಇವರಿಬ್ಬರ ಸಿಂಫೊನಿಗಳನ್ನು ನುಡಿಸುವವರಿಗಾಗಿ ಸಲಹೆಗಳ ಗ್ರಂಥವನ್ನೇ ಬರೆದನು. ಗುಸ್ತಾವ್ ಮಾಲರನು ಇನ್ನೂ ಮುಂದೆ ಹೋಗಿ ನಾಲ್ಕು ಕೃತಿಗಳ ಸ್ವರಲಿಪಿಯನ್ನೂ ತನ್ನ ಕೈಯಿಂದ ತಿದ್ದಿದನು. ಹೀಗೆ ತಿದ್ದಿಸಿಕೊಂಡ ಮಹಾಕೃತಿಗಳು ಆ ಸಂಗೀತದ ಇತಿಹಾಸದಲ್ಲಿ ಹೆಚ್ಚಿಲ್ಲ.

ಗ್ರಂಥಸಂಪಾದನೆಯ ಪರಿಚಯವುಳ್ಳ ವಾಚಕರಿಗೆ ಈ ಸಮಸ್ಯೆ ಅಪರಿಚಿತವಲ್ಲ. ಓಲೆಯ ಪ್ರತಿಯಲ್ಲಿ ಅರ್ಥಕ್ಕೆ ಎಟುಕದ ಪದವೊಂದು ಬಂದಾಗ, ಕುಂದು ಲಿಪಿಕಾರನದೋ ಕವಿಯದೋ ಅಥವಾ ಓದುತ್ತಿರುವ ನಮ್ಮದೋ ಎಂಬುದನ್ನು ನಿರ್ಣಯಿಸದೆ ಲೇಖನಿಯನ್ನು ಎತ್ತುವಂತಿಲ್ಲ. ಸಿಂಫೊನಿಯ ವಿಷಯದಲ್ಲಿ ನಿರ್ದೇಶಕನೇ ಸಂಪಾದಕ. ಅವನ ಧ್ವನಿಮುದ್ರಿಕೆಯೇ ಅವನ ಆವೃತ್ತಿ. ಕಚೇರಿ ಆ ರಾತ್ರಿಯೇ ಗಾಳಿಗೆ ಸೇರಿಹೋಗುತ್ತದೆ. ಧ್ವನಿಮುದ್ರಿಕೆಗಳನ್ನಾದರೋ ಒಂದರ ಪಕ್ಕದಲ್ಲೊಂದನ್ನಿಟ್ಟು ಪಾಠಾಂತರಗಳನ್ನು ಹೋಲಿಸಿದಂತೆ ಹೋಲಿಸಬಹುದು. ಪ್ರಕೃತ ಲೇಖನದಲ್ಲಿ ಅಂತಹ ಕೆಲವನ್ನು ಪರಿಶೀಲಿಸಿದೆ. ಎಲ್ಲವನ್ನೂ ಹೆಸರಿಸುವುದು ಉದ್ದೇಶವಲ್ಲ. ಶೂಮನ್ನನ ಮೇಲಿನ ಆಪಾದನೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದೇ ಇಲ್ಲಿಯ ವಿಚಾರ.

ಮೊದಲನೆಯ ಸಿಂಫೊನಿಯಿಂದಲೇ ಆರಂಭಿಸಬಹುದು. ‘ವಸಂತ’ವೆಂದು ಹೆಸರಾದ ಈ ಕೃತಿಯ ರೇಖಾಚಿತ್ರವನ್ನು ಶೂಮನ್ನನು 1841ರ ಜನವರಿಯಲ್ಲಿ ನಾಲ್ಕು ದಿನಗಳೊಳಗೆ ಬರೆದು ಮುಗಿಸಿದನು, ಅದೇ ವರ್ಷ ಮಾರ್ಚ್ 31ರಂದು ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ಮೆಂಡೆಲ್ಸೋನನ ನಿರ್ದೇಶನದಲ್ಲಿ ಅದರ ಪ್ರಥಮ ವಾದನವಾಯಿತು. ಕೃತಿ ಕೊಂಬುಗಳ ಮತ್ತು ಕಹಳೆಗಳ ಕರೆಯಿಂದ ತೊಡಗುತ್ತದೆ. ಈ ಕರೆಯನ್ನು ಶೂಮನ್ನನು ಮೊದಲು ಬರೆದದ್ದು ಇಂದು ಅಚ್ಚಿನಲ್ಲಿ ಕಾಣುವುದಕ್ಕಿಂತ ಎರಡು ಮೆಟ್ಟಿಲು ಕೆಳಗೆ. ಅಂದಿನ ಕೊಂಬುಗಳಿಗೆ ಕವಾಟಗಳಿರಲಿಲ್ಲವಾದ್ದರಿಂದ ನಡುವಣ ಎರಡು ಸ್ವರಗಳನ್ನು ವಾದಕರು ವಾದ್ಯದ ಬಾಯಿಗೆ ಕೈಯಿಟ್ಟು ಹಿಸುಕಿ ನುಡಿಸಬೇಕಾಯಿತು. ವಸಂತದ ಕರೆ ನೆಗಡಿ ಹಿಡಿದವನ ದನಿಯಂತೆ ಕೇಳಿತು. ಆಗ ಇಡೀ ಪಂಕ್ತಿಯನ್ನು ಮೇಲಕ್ಕೆತ್ತಲಾಯಿತು. ಮುಂದೆ ಕವಾಟಗಳುಳ್ಳ ಕೊಂಬುಗಳು ಎಲ್ಲೆಡೆ ಬಳಕೆಗೆ ಬಂದುವು, ತೊಡಕು ಹರಿಯಿತು. ಹಾಗಾದರೆ ಕರೆಯನ್ನು ಮತ್ತೆ ಕೆಳಗಿಳಿಸಬೇಕೇ? ಮಾಲರನು ಇಳಿಸಿದನು. ಅದಕ್ಕೆ ಯುಕ್ತಿಯಿಲ್ಲದೆ ಇಲ್ಲ: ಮುಂದೆ ಬರುವ ದ್ರುತಭಾಗದ ಮುಖ್ಯ ವಿಷಯವು ಆ ಕೆಳಗಿನ ಸ್ವರಗಳಲ್ಲಿಯೇ ಆರಂಭವಾಗುತ್ತದೆ, ಕರೆಗೂ ವಿಷಯಕ್ಕೂ ಇರುವ ನಂಟು ಆಗ ನೇರವಾಗಿ ಕಿವಿಗೆ ಬೀಳುತ್ತದೆ. ಆದರೆ ಶೂಮನ್ನನೇ ಒಪ್ಪಿ ಅಚ್ಚಿಗೆ ಕೊಟ್ಟ ಪಾಠ ಮೇಲಿನದು. ಮೇಲಕ್ಕೆ ಏರಿದ ಕರೆಯಲ್ಲಿರುವ ಬೆಳಕು, ಅನಂತರ ವಿಷಯವು ಕೆಳಗಿಳಿದು ಬಂದಾಗ ಆಗುವ ಹಿತ, ಇವು ತೊಡಕಿನಿಂದ ಹುಟ್ಟಿದುವಾದರೂ ಈಗ ಕೃತಿಯ ಸೊತ್ತು. ಕವಿ ಪ್ರಾಸದ ಕಟ್ಟಿಗೆ ಸಿಕ್ಕಿ ಹುಡುಕಿದ ಪದವೇ ಪದ್ಯಕ್ಕೆ ಪ್ರಾಣವಾಗುವುದುಂಟು. ಆದಕಾರಣ ಇಲ್ಲಿ ಮಾಲರನ ಪಾಠ ಕುತೂಹಲಕಾರಿಯಾದರೂ ಗ್ರಾಹ್ಯವಲ್ಲವೆಂದು ನಮ್ಮ ಅಭಿಪ್ರಾಯ.

ಮಾಲರನ ಪಾಠವನ್ನು ಸಮಗ್ರವಾಗಿ ಕೇಳಬೇಕಾದರೆ ರಿಕ್ಕಾರ್ಡೊ ಶಾಯಿ ಈ ಶತಮಾನದ ಮೊದಲ ದಶಕದಲ್ಲಿ ಡೆಕ್ಕಾ ಸಂಸ್ಥೆಗಾಗಿ ಮಾಡಿದ ಮುದ್ರಣವಿದೆ. ಅದನ್ನು ನುಡಿಸಿದ್ದು ಗೆವಾಂಡ್‌ಹೌಸ್ ವೃಂದ! ಯಾವ ವೃಂದಕ್ಕಾಗಿ ಶೂಮನ್ನನು ಬರೆದನೋ, ಯಾವ ವೃಂದದಿಂದ ಮೊದಲೆರಡು ಸಿಂಫೊನಿಗಳೂ ಡಿ ಮೈನರ್ ಸಿಂಫೊನಿಯ ಮೊದಲ ರೂಪವೂ ಪ್ರಥಮವಾಗಿ ಕೇಳಿಬಂದುವೋ, ಅದೇ ವೃಂದವು ಅವನನ್ನು ತಿದ್ದಿದ ಪಾಠವನ್ನು ಲೋಕಕ್ಕೆ ಕೊಟ್ಟಿತು. ವಾದನ ಉಜ್ಜ್ವಲವಾಗಿದೆ. ಮಾಲರನು ಹೊಸದಾಗಿ ಸೇರಿಸಿದ್ದಕ್ಕಿಂತ ತೆಗೆದುಹಾಕಿದ್ದೇ ಹೆಚ್ಚೆಂಬುದೂ ಇದರಿಂದ ತಿಳಿಯುತ್ತದೆ: ಕೊಳಲನ್ನು ಇಲ್ಲಿ ನಿಲ್ಲಿಸುತ್ತಾನೆ, ಟಿಂಪನಿಯನ್ನು ಅಲ್ಲಿ ಸುಮ್ಮನಿರಿಸುತ್ತಾನೆ, ಜೋರನ್ನು ಮೆಲುವಾಗಿಸುತ್ತಾನೆ. ಎಲ್ಲವೂ ಸ್ಪಷ್ಟ. ಆದರೆ ಕೇಳುತ್ತ ಹೋದಂತೆ ಶೂಮನ್ನನ ಮನೆಯಲ್ಲಿ ಮಾಲರನು ದೀಪ ಹಚ್ಚಿ ಮೂಲೆಮೂಲೆಯನ್ನೂ ತೋರಿಸುತ್ತಿರುವಂತೆ ತೋರುವುದು. ಮನೆಯೊಡೆಯನಿಗೆ ನೆರಳೂ ಬೇಕಾಗಿತ್ತು.

ಜಾರ್ಜ್ ಸೆಲ್ ಮಧ್ಯಮಮಾರ್ಗಿ. ಕ್ಲೀವ್‌ಲೆಂಡ್ ವೃಂದದೊಡನೆ 1958ರಿಂದ 1960ರವರೆಗೆ ಅವನು ಮಾಡಿದ ಮುದ್ರಣಗಳು ಇಂದಿಗೂ ಅನೇಕ ರಸಿಕರಿಗೆ ಪ್ರಮಾಣ. ಅವನೂ ತಿದ್ದುತ್ತಿದ್ದನು, ತಾನೇಕೆ ತಿದ್ದುತ್ತೇನೆಂಬುದನ್ನು ಪತ್ರಿಕೆಯಲ್ಲಿ ಬರೆದು ಸಮರ್ಥಿಸಿಕೊಂಡನು. ಎರಡನೆಯ ಸಿಂಫೊನಿಯ ಸ್ಕೆರ್ಟ್ಸೊ ಭಾಗದಲ್ಲಿ ಮೊದಲ ಪಿಟೀಲುಗಳೆಲ್ಲ ಒಂದೇ ಕಮಾನಿನಿಂದ ನುಡಿದಂತೆ ಕೇಳುತ್ತವೆ. ಅಷ್ಟು ವೇಗದಲ್ಲಿ ಅಷ್ಟು ಹದ ಇನ್ನೊಂದರಲ್ಲಿ ದೊರೆಯದು. ಸೆಲ್ಲನ ಕೊರತೆ ಅವನ ಗುಣದಿಂದಲೇ ಬಂದದ್ದು. ಪ್ರತಿಯೊಂದು ದನಿಯನ್ನೂ ಬೇರ್ಪಡಿಸಿ ಸ್ವಚ್ಛಗೊಳಿಸುವವನಿಗೆ, ಎರಡು ದನಿಗಳು ಬೆರೆತು ಮೂರನೆಯದಾಗಬೇಕೆಂಬ ಕಡೆಯಲ್ಲೂ ಬೇರ್ಪಡಿಸುವ ಚಟ ಬಿಡದು.

ಈ ಬೆರಕೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಆಪಾದನೆಯ ಬೇರು ಇಲ್ಲಿದೆ. ಶೂಮನ್ನನು ಒಂದೇ ಪಂಕ್ತಿಯನ್ನು ಹಲವು ವಾದ್ಯಗಳಿಗೆ ಕೊಟ್ಟದ್ದು ಅಂಜಿಕೆಯಿಂದ ಎಂದು ಸಾಮಾನ್ಯ ವಿವರಣೆ. 1850ರಲ್ಲಿ ಅವನು ಡ್ಯುಸೆಲ್‌ಡಾರ್ಫಿನ ನಗರ ಸಂಗೀತನಿರ್ದೇಶಕನಾದನು. ನಿರ್ದೇಶನದಲ್ಲಿ ಅವನು ಸಮರ್ಥನಲ್ಲ. ವಾದಕರು ಹಾದಿ ತಪ್ಪಿದರೂ ಪಂಕ್ತಿ ಉಳಿಯಲೆಂದು ಎರಡೆರಡು ವಾದ್ಯಗಳನ್ನು ಜೋಡಿಸಿದನು, ಎಂದು. ಇದರಲ್ಲಿ ಸತ್ಯಾಂಶವಿರಬಹುದು. ಆದರೆ ಡಿ ಮೈನರ್ ಸಿಂಫೊನಿಯ ‘ರೊಮಾನ್ಸ್’ ಭಾಗವನ್ನು ನೋಡಿ: ಒಬೊ ವಾದ್ಯವೂ ಒಂಟಿ ಸೆಲ್ಲೊವೂ ಒಂದೇ ಹಾಡನ್ನು ಸ್ಥಾಯಿಯ ಅಂತರದಲ್ಲಿ ಕೂಡಿ ಹಾಡುತ್ತವೆ. ಇದು 1841ರಲ್ಲಿ, ಲೈಪ್‌ಜಿಗ್ಗಿನ ಉತ್ತಮ ವೃಂದಕ್ಕೆಂದು, ಅಂಜಲು ಕಾರಣವೇ ಇಲ್ಲದ ಕಾಲದಲ್ಲಿ ಬರೆದದ್ದು. ಒಬೊವೂ ಅಲ್ಲದ ಸೆಲ್ಲೊವೂ ಅಲ್ಲದ ಆ ಶೋಕದ ದನಿಗಾಗಿಯೇ ಅವನು ಹಾಗೆ ಮಾಡಿದನೆಂಬುದರಲ್ಲಿ ಸಂಶಯವಿಲ್ಲ. ನಮ್ಮ ಕಚೇರಿಗಳಲ್ಲಿ ಹಾಡುವವರ ಬೆನ್ನಿಗೇ ಪಿಟೀಲು ಅದೇ ಸಂಗತಿಯನ್ನು ನುಡಿಸುವುದನ್ನು ಕೇಳಿ ಬೆಳೆದ ಕಿವಿಗೆ ಈ ಜೋಡಿದನಿ ಪುನರುಕ್ತಿಯೆನಿಸಲಾರದು. ಅಂದಮೇಲೆ ಜೋಡಣೆ ಅವನ ಭಯವಲ್ಲ, ಅವನ ರುಚಿ. ಕಡೆಯ ಪಕ್ಷ ಮೊದಲು ರುಚಿ, ಆಮೇಲೆ ಭಯ.

ಹಾಗಿದ್ದರೆ ಮಂದತೆ ಎಲ್ಲಿಂದ ಬಂತು? ಉತ್ತರವನ್ನು ಜಾನ್ ಎಲಿಯಟ್ ಗಾರ್ಡಿನರನ ಮುದ್ರಣ ಕೊಡುತ್ತದೆ. 1840ರ ದಶಕದ ಗೆವಾಂಡ್‌ಹೌಸ್ ವೃಂದದಲ್ಲಿ ಇದ್ದವರು ಸುಮಾರು ಐವತ್ತು ಮಂದಿ. ಮಾಲರನ ಕಾಲಕ್ಕೆ ದೊಡ್ಡ ನಗರಗಳ ವೃಂದಗಳು ಇದಕ್ಕಿಂತ ಬಹಳ ಬೆಳೆದಿದ್ದುವು. ತಂತಿವಾದ್ಯಗಳು ಹೆಚ್ಚಿದುವೇ ಹೊರತು ಮರದ ಸುಷಿರವಾದ್ಯಗಳು ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಹತ್ತು ಪಿಟೀಲುಗಳೊಡನೆ ಕೊಳಲು ಬೆರೆತರೆ ಹೊಸ ಬಣ್ಣ. ಹದಿನಾರರೊಡನೆ ಬೆರೆತರೆ ಬರಿಯ ದಪ್ಪ. ಗಾರ್ಡಿನರನು ತನ್ನ ‘ಆರ್ಕೆಸ್ಟ್ರ್ ರೆವೊಲುಸ್ಯೊನೇರ್ ಎ ರೊಮಾಂಟಿಕ್’ ಎಂಬ ವೃಂದವನ್ನು, ಅಂದಿನ ಮಾದರಿಯ ವಾದ್ಯಗಳೊಡನೆ, ಅಂದಿನ ಪ್ರಮಾಣಕ್ಕೆ ಸಮೀಪವಾಗಿ ಕೂರಿಸಿ 1997ರಲ್ಲಿ ಈ ಕೃತಿಗಳನ್ನು ನುಡಿಸಿದನು. ಒಂದು ಸ್ವರವನ್ನೂ ತೆಗೆಯಬೇಕಾಗಲಿಲ್ಲ. ಬೂದಿಯೆಂದು ಹೇಳಿದ್ದ ಕಡೆಗಳಲ್ಲಿ ಕಂದು, ನಸುಗೆಂಪು, ಹೊಗೆಬಣ್ಣ, ಎಲ್ಲ ಬೇರೆಬೇರೆಯಾಗಿ ತೋರಿದುವು. ವೈನ್‌ಗಾರ್ಟ್ನರನೂ ಮಾಲರನೂ ತಮ್ಮ ಕಾಲದ ವೃಂದದ ಸ್ಥೂಲತೆಯನ್ನು ಶೂಮನ್ನನ ಲೆಕ್ಕಕ್ಕೆ ಬರೆದರೆಂದು ಹೇಳದೆ ವಿಧಿಯಿಲ್ಲ.

ದೊಡ್ಡ ವೃಂದದಿಂದ ಇದು ಅಸಾಧ್ಯವೆಂದೂ ಅಲ್ಲ. ವೊಲ್ಫ್‌ಗಾಂಗ್ ಸಾವಾಲಿಷ್ 1972ರಲ್ಲಿ ಡ್ರೆಸ್ಡೆನ್ನಿನ ಸ್ಟಾಟ್ಸ್‌ಕಪೆಲ್ಲೆಯೊಡನೆ ಮಾಡಿದ ಮುದ್ರಣದಲ್ಲಿ ಗಮನಾರ್ಹವಾದ ತಿದ್ದುಪಾಟು ಕಿವಿಗೆ ಬೀಳುವುದಿಲ್ಲ. ವಾದಕರು ಒಬ್ಬರ ದನಿಗೆ ಒಬ್ಬರು ಕಿವಿಗೊಟ್ಟು ನುಡಿಸುವ ಸಂಸ್ಕಾರದಿಂದಲೇ ತೂಕ ಸರಿಹೋಗುತ್ತದೆ. ಒಂದೇ ಸಂಪುಟವನ್ನು ಕೊಳ್ಳಬಲ್ಲವರಿಗೆ ಇದನ್ನು ಸಂಕೋಚವಿಲ್ಲದೆ ಸೂಚಿಸಬಹುದು.

ಡಿ ಮೈನರ್ ಸಿಂಫೊನಿಯ ಕಥೆ ಬೇರೆ. ಅಲ್ಲಿ ಪಾಠಗಳೇ ಎರಡು, ಎರಡೂ ಕರ್ತೃವಿನವೇ. 1841ರ ಡಿಸೆಂಬರಿನಲ್ಲಿ ಫರ್ಡಿನಾಂಡ್ ಡೇವಿಡನ ನಿರ್ದೇಶನದಲ್ಲಿ ಮೊದಲ ರೂಪ ಕೇಳಿಬಂದಿತು, ಜನ ಮೆಚ್ಚಲಿಲ್ಲ. ಶೂಮನ್ನನು ಅದನ್ನು ಹತ್ತು ವರ್ಷ ಬದಿಗಿಟ್ಟು, 1851ರಲ್ಲಿ ಮತ್ತೆ ಬರೆದು, 1853ರಲ್ಲಿ ಡ್ಯುಸೆಲ್‌ಡಾರ್ಫಿನಲ್ಲಿ ತಾನೇ ನುಡಿಸಿ ಪ್ರಕಟಿಸಿದನು. ಎರಡನೆಯ ರೂಪದಲ್ಲಿ ವಾದ್ಯಗಳ ಜೋಡಣೆ ನಿಶ್ಚಯವಾಗಿ ದಟ್ಟವಾಯಿತು. ಬ್ರಾಮ್ಸನಿಗೆ ಮೊದಲಿನದೇ ಪ್ರಿಯ. ಅದರ ಹಸ್ತಪ್ರತಿ ಅವನ ಬಳಿಯಿದ್ದಿತು. ಫ್ರಾಂಟ್ಸ್ ವ್ಯುಲ್ನರನ ಸಂಪಾದಕತ್ವದಲ್ಲಿ ಅದನ್ನು 1891ರಲ್ಲಿ ಅವನು ಅಚ್ಚುಹಾಕಿಸಿದನು. ಶೂಮನ್ನನ ಪತ್ನಿ ಕ್ಲಾರಾ ಇದಕ್ಕೆ ಒಪ್ಪಿರಲಿಲ್ಲ. ಪತಿಯು ಹಿಂದಕ್ಕೆ ತೆಗೆದುಕೊಂಡ ಪಾಠವನ್ನು ಆಪ್ತಮಿತ್ರನೇ ಹೊರಗಿಟ್ಟನೆಂದು ನೊಂದುಕೊಂಡಳು. ಇಬ್ಬರಲ್ಲಿ ಯಾರ ಪಕ್ಷ ಹಿಡಿಯುವುದು? ಗಾರ್ಡಿನರನು ಎರಡನ್ನೂ ನುಡಿಸಿ ಕೇಳುವವರ ಕೈಗೆ ಕೊಟ್ಟಿದ್ದಾನೆ. ಸೈಮನ್ ರ್‍ಯಾಟಲ್ 2013ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್‌ನೊಡನೆ ಮುದ್ರಿಸಿದಾಗ 1841ರದನ್ನೇ ಆರಿಸಿಕೊಂಡನು. ಅದು ಲಘುವಾಗಿದೆ, ಚುರುಕಾಗಿದೆ, ಒಳಗಿನ ದನಿಗಳು ಪಾರದರ್ಶಕ. ಬ್ರಾಮ್ಸನು ಮೆಚ್ಚಿದ್ದು ಆಶ್ಚರ್ಯವಲ್ಲ.

ಆದರೂ ನಮ್ಮ ಒಲವು ಕ್ಲಾರಾಳ ಕಡೆಗೆ. ಅದಕ್ಕೆ ಕಾರಣ ಒಂದು ಹಳೆಯ ಮುದ್ರಣ. ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರನು 1953ರ ಮೇ ತಿಂಗಳಲ್ಲಿ, ತಾನು ತೀರಿಕೊಳ್ಳುವುದಕ್ಕೆ ಒಂದೂವರೆ ವರ್ಷ ಮೊದಲು, ಬರ್ಲಿನ್ನಿನ ಡಾಲೆಮ್ ಬಡಾವಣೆಯ ಚರ್ಚಿನಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್‌ನಿಂದ 1851ರ ಪಾಠವನ್ನು ನುಡಿಸಿದನು. ಕೊನೆಯ ಭಾಗಕ್ಕೆ ಹೋಗುವ ಸೇತುವೆಯನ್ನು ಕೇಳಬೇಕು. ಮೂರನೆಯ ಭಾಗ ಕುಗ್ಗಿ, ಉಸಿರು ಕಳೆದುಕೊಂಡು, ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆ ಕತ್ತಲೆಯಲ್ಲಿ ಪಿಟೀಲುಗಳು ಮೊದಲ ಭಾಗದ ತುಣುಕೊಂದನ್ನು ಪಿಸುಗುಟ್ಟುತ್ತವೆ. ಹಿತ್ತಾಳೆಯ ವಾದ್ಯಗಳು ಮೆಲ್ಲಮೆಲ್ಲನೆ ಏಳುತ್ತವೆ. ಫುರ್ಟ್‌ವೆಂಗ್ಲರನು ಇಲ್ಲಿ ತೆಗೆದುಕೊಳ್ಳುವ ವಿಳಂಬ, ಅನಂತರ ಅಳೆದು ಅಳೆದು ಹೆಚ್ಚಿಸುವ ವೇಗ, ಇವೊಂದೂ ಸ್ವರಲಿಪಿಯಲ್ಲಿ ಆ ಪ್ರಮಾಣದಲ್ಲಿ ಬರೆದಿಲ್ಲ. ಪಾಠಶುದ್ಧಿಯ ದೃಷ್ಟಿಯಿಂದ ಗಾರ್ಡಿನರನು ನಿರ್ದೋಷಿ, ಇವನು ಸ್ವೇಚ್ಛಾಚಾರಿ. ಆದರೆ ನಾಲ್ಕು ಭಾಗಗಳು ನಡುವೆ ನಿಲ್ಲದೆ ಒಂದೇ ಉಸಿರಾಗಿ ಏಕೆ ಸಾಗಬೇಕು, 1851ರ ಲೇಖನಿ ಬಣ್ಣವನ್ನು ಏಕೆ ದಟ್ಟಗೊಳಿಸಿತು ಎಂಬುದು ಗಾರ್ಡಿನರನಲ್ಲಿ ತಿಳಿವಳಿಕೆಯಾಗಿ ಬರುತ್ತದೆ, ಇವನಲ್ಲಿ ಅನುಭವವಾಗಿ. ಆ ದಟ್ಟವಾದ ಮಬ್ಬಿಲ್ಲದಿದ್ದರೆ ಆಮೇಲಿನ ಬೆಳಕಿಗೆ ಬೆಲೆಯಿರುತ್ತಿರಲಿಲ್ಲ. ತಿದ್ದಿದವರು ತೊಡೆದುಹಾಕಿದ್ದು ಆ ಮಬ್ಬನ್ನೇ.

ಅದೇ 1953ರಲ್ಲಿ ಗ್ವಿದೊ ಕಾಂಟೆಲ್ಲಿಯು ಲಂಡನ್ನಿನ ಫಿಲ್‌ಹಾರ್ಮೋನಿಯ ವೃಂದದೊಡನೆ ಈ ಸಿಂಫೊನಿಯನ್ನು ಮುದ್ರಿಸಿದನು. 1960ರಲ್ಲಿ ಅದೇ ವೃಂದದೊಡನೆ ಓಟ್ಟೊ ಕ್ಲೆಂಪೆರರನು. ಕಾಂಟೆಲ್ಲಿಯದು ಹಾಡುವ ಶೂಮನ್, ಕ್ಲೆಂಪೆರರನದು ಕಲ್ಲಿನಲ್ಲಿ ಕಡೆದ ಶೂಮನ್. ವಾಲ್ಟರ್ ಲೆಗ್ ಎಂಬವನು 1945ರಲ್ಲಿ ಕಟ್ಟಿದ ಈ ವೃಂದದ ಕಚೇರಿಗಳಿಗೆಂದು ಏರ್ಪಟ್ಟ ಸಂಘಕ್ಕೆ 1948ರಲ್ಲಿ ಪ್ರಥಮ ಅಧ್ಯಕ್ಷರಾಗಿ, ಧನಸಹಾಯವನ್ನೂ ಇತ್ತವರು ಮೈಸೂರಿನ ಶ್ರೀ ಜಯಚಾಮರಾಜ ಒಡೆಯರವರೆಂಬುದನ್ನು ಕನ್ನಡ ವಾಚಕರು ಇಲ್ಲಿ ನೆನೆಯಬಹುದು. ಯುದ್ಧಾನಂತರದ ಲಂಡನ್ನಿನಲ್ಲಿ ಆ ವೃಂದ ಬೇರೂರಿದುದರಲ್ಲಿ ಮೈಸೂರಿನ ಹಣದ ಪಾಲೂ ಇದೆ.

ಲೆನರ್ಡ್ ಬರ್ನ್‌ಸ್ಟೈನನ ಎರಡು ಸಂಪುಟಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 1960ರ ಸುಮಾರಿನ ನ್ಯೂಯಾರ್ಕ್ ಮುದ್ರಣದಲ್ಲಿಯೇ ಅವನು ಮೂಲ ವಾದ್ಯಯೋಜನೆಯ ಪಕ್ಷವನ್ನು ಹಿಡಿದಿದ್ದನು. 1980ರ ದಶಕದ ವಿಯೆನ್ನಾ ಮುದ್ರಣದಲ್ಲಿ ಎರಡನೆಯ ಸಿಂಫೊನಿಯ ವಿಳಂಬಭಾಗವನ್ನು ಕೃತಿ ತಾಳುವುದಕ್ಕಿಂತ ಹೆಚ್ಚಾಗಿ ಜಗ್ಗಿದ್ದಾನೆ. ಆ ಕೃತಿಯ ಮೇಲಿನ ಅವನ ಪ್ರೀತಿ ಮಾತ್ರ ಕಡೆಯವರೆಗೂ ಉಳಿಯಿತು. 1990ರಲ್ಲಿ, ತನ್ನ ಕೊನೆಯ ತಿಂಗಳುಗಳಲ್ಲಿ, ಜಪಾನಿನ ಸಪ್ಪೊರೊ ನಗರದಲ್ಲಿ ತರುಣ ವಾದಕರಿಗೆ ಅದನ್ನೇ ಕಲಿಸಿ ನುಡಿಸಿದನು.

ಉಳಿದದ್ದು ಮೂರನೆಯ ಸಿಂಫೊನಿ, 1850ರ ‘ರೈನ್’. ಐದು ಭಾಗಗಳ ಈ ಕೃತಿಯಲ್ಲಿ ಮೊದಲ ಮೂರು ಭಾಗಗಳವರೆಗೂ ಟ್ರೊಂಬೋನ್ ವಾದಕರು ಸುಮ್ಮನೆ ಕುಳಿತಿರುತ್ತಾರೆ. ನಾಲ್ಕನೆಯದರಲ್ಲಿ ಮೊದಲ ಸಲ ಬಾಯ್ದೆರೆಯುವಾಗ ಅವರು ನುಡಿಸಬೇಕಾದ್ದು ಬಹು ಎತ್ತರದಲ್ಲಿ, ಅತಿ ಮೆಲುವಾಗಿ. ಬಾಯಿ ಕಾಯದ ವಾದಕನಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆ ಇಲ್ಲ. ಗಂಭೀರವಾದ ಸಮಾರಂಭಕ್ಕೆ ಒದಗುವ ಸಂಗೀತದ ಹಾಗೆ ಎಂಬರ್ಥದ ತಲೆಬರೆಹವನ್ನು ಶೂಮನ್ನನು ಈ ಭಾಗಕ್ಕೆ ಮೊದಲು ಕೊಟ್ಟಿದ್ದು, ಅಚ್ಚಿಗೆ ಕೊಡುವಾಗ ತೆಗೆದುಹಾಕಿ ‘ಗಂಭೀರವಾಗಿ’ ಎಂಬೊಂದೇ ಪದವನ್ನು ಉಳಿಸಿದನು. ಸೆಲ್ಲನ ಮುದ್ರಣದಲ್ಲಿ ಈ ಪ್ರವೇಶ ನಿಷ್ಕಳಂಕವಾಗಿದೆ, ಸ್ವಲ್ಪ ತಣ್ಣಗಿದೆ. ಡ್ರೆಸ್ಡೆನ್ನಿನವರಲ್ಲಿ ಟ್ರೊಂಬೋನುಗಳು ಕೊಂಬುಗಳ ದನಿಯ ಒಳಗಿನಿಂದ ಹೊರಟು ಬರುತ್ತವೆ. ಎರಡರಲ್ಲಿ ಯಾವುದು ಎಲ್ಲಿ ಮುಗಿಯಿತೆಂದು ಹೇಳಲಾಗುವುದಿಲ್ಲ, ಶೂಮನ್ನನು ಬರೆದದ್ದೂ ಹಾಗೆಯೇ.